ಮೊದಲು ನೀರು ಪಳಗಲಿ, ಆಮೇಲೆ ಮೀನು ಬರಲಿ

ತಮ್ಮಾ, ತಂಗೀ, ಮೀನು ಸಾಕಬೇಕೆಂಬ ನಿಮ್ಮ ಆಸೆ ಒಳ್ಳೆಯದು. ಬೆಳಗಾವಿಗೋ ಹುಬ್ಬಳ್ಳಿಗೋ ಹೋದಾಗ ಅಪ್ಪನ ಕೈ ಜಗ್ಗಿ ಅಂಗಡಿಗೆ ಕರೆದೊಯ್ಯುತ್ತೀರಿ. ಪ್ಲಾಸ್ಟಿಕ್ ಚೀಲದಲ್ಲಿ ನಾಲ್ಕು ಬಣ್ಣದ ಮೀನು ತರುತ್ತೀರಿ. ಹೊಸ ಗಾಜಿನ ತೊಟ್ಟಿಗೆ ನಳದ ನೀರು ತುಂಬಿ ಅದೇ ಸಂಜೆ ಬಿಟ್ಟುಬಿಡುತ್ತೀರಿ. ಕೆಲವು ದಿನ ಪಡಸಾಲೆಯೆಲ್ಲ ಸಂಭ್ರಮ. ಆಮೇಲೆ ಒಂದೊಂದೇ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಮರುದಿನ ತೇಲುತ್ತದೆ. ಆಗ ನನ್ನ ಹತ್ತಿರ ಬಂದು ಕೇಳುವ ಮಾತು ಒಂದೇ: “ಅಜ್ಜಾ, ನೀರು ಅಷ್ಟ್ ತಿಳಿ ಐತಿ, ಮತ್ತ ಮೀನ ಯಾಕ ಸತ್ತೂ?”

ಕಣ್ಣಿಗೆ ತಿಳಿಯಾಗಿ ಕಾಣುವ ನೀರು ಮೀನಿನ ಪಾಲಿಗೆ ವಿಷವಾಗಿರಬಹುದು. ಇದೊಂದು ಮಾತು ಮನಸ್ಸಿಗೆ ಇಳಿದರೆ ಮನೆಯಲ್ಲೇ ಫಿಲ್ಟರ್ ಮಾಡಿಕೊಳ್ಳುವುದು ಕಷ್ಟವಲ್ಲ, ಖರ್ಚೂ ದೊಡ್ಡದಲ್ಲ. ಗಾಳಿ ಪಂಪ್ ಒಂದನ್ನು ಬಿಟ್ಟರೆ ಉಳಿದ ಸಾಮಾನೆಲ್ಲ ಹಿತ್ತಲಲ್ಲಿ, ಗುಜರಿಯಲ್ಲಿ, ಪೈಪಿನ ಅಂಗಡಿಯಲ್ಲಿ ಸಿಗುತ್ತದೆ. ಎಲ್ಲಿಯೂ ಸಿಗದಿರುವುದು ತಾಳ್ಮೆ. ಅದನ್ನು ನೀವೇ ತಂದುಕೊಳ್ಳಬೇಕು. ಒಬ್ಬೊಬ್ಬರ ಕಿವಿಯಲ್ಲೂ ಹೇಳಿದ ಹಾಗೆ ಇರಲಿ ಎಂದು ಇನ್ನು ಮುಂದೆ ‘ನೀನು’ ಎಂದೇ ಮಾತಾಡುತ್ತೇನೆ.

ಮೀನು ತಿಂದ ಆಹಾರದಲ್ಲಿ ಮೈಗೆ ಬೇಡವಾದ ಸಾರಜನಕ ಅಮೋನಿಯಾ ಆಗಿ ಹೊರಬೀಳುತ್ತದೆ. ಅದರ ಬಹುಪಾಲು ಹೋಗುವುದು ಕಿವಿರುಗಳ ಮೂಲಕ. ಅಂದರೆ ಮೀನು ಉಸಿರಾಡುವಷ್ಟು ಹೊತ್ತೂ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ತಿನ್ನದೆ ತಳಕ್ಕಿಳಿದ ಕಾಳು, ಹಿಕ್ಕೆ, ಕೊಳೆತ ಎಲೆ ಇವೆಲ್ಲ ಕೊನೆಗೆ ಅದೇ ಆಗುತ್ತವೆ. ಅದಕ್ಕೆ ಬಣ್ಣವಿಲ್ಲ, ಹಾಗಾಗಿ ಕಣ್ಣಿಗೆ ಕಾಣುವುದಿಲ್ಲ. ಮಲಪ್ರಭೆಯಲ್ಲಿ ಈಜುವ ಮೀನಿನ ಅಮೋನಿಯಾ ಹೊಳೆಯ ಹರಿವಿನಲ್ಲಿ ಚದುರಿ ಹೋಗುತ್ತದೆ. ಎರಡಡಿ ತೊಟ್ಟಿಯ ಮೀನಿಗೆ ಆ ಭಾಗ್ಯವಿಲ್ಲ. ತಾನು ಬಿಟ್ಟ ಕಸದಲ್ಲೇ ತಾನು ಉಸಿರಾಡಬೇಕು.

ಮಲಪ್ರಭೆಯ ಈ ನಮ್ಮ ಸೀಮೆಯಲ್ಲಿ ಇದು ಇನ್ನಷ್ಟು ಬಿಗಿಯಾದ ಮಾತು. ಎರೆನೆಲದ ಬೋರ್ ನೀರು ಬಹಳ ಕಡೆ ಗಡಸು, ಕ್ಷಾರದತ್ತ ವಾಲುವಂಥದ್ದು. ನೀರಿನಲ್ಲಿರುವ ಅಮೋನಿಯಾ ಎಲ್ಲವೂ ಒಂದೇ ಸಮ ವಿಷವಲ್ಲ. ಆಮ್ಲ-ಕ್ಷಾರದ ಅಳತೆಯಾದ ಪಿಎಚ್ 7 ಇರುವ ನೀರಿನಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಅಮೋನಿಯಾ ಮಾತ್ರ ಮೀನನ್ನು ಕೊಲ್ಲುವ ರೂಪದಲ್ಲಿರುತ್ತದೆ. ಪಿಎಚ್ 8ಕ್ಕೆ ಏರಿದರೆ ಆ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನೀರು ಬಿಸಿಯಾದಷ್ಟೂ ಅದು ಮತ್ತೆ ಏರುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ: 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಆದ್ದರಿಂದ ತಂಪು ಊರಿನ ಯಾರದೋ ತೊಟ್ಟಿ ತಾಳಿಕೊಳ್ಳುವಷ್ಟು ಮೀನನ್ನು ಏಪ್ರಿಲ್, ಮೇ ತಿಂಗಳ ರಾಮದುರ್ಗದ ತೊಟ್ಟಿ ತಾಳಿಕೊಳ್ಳದು. ಇನ್ನೊಬ್ಬರ ವಿಡಿಯೋ ನೋಡಿ ಲೆಕ್ಕ ಹಾಕಬೇಡ, ನಿನ್ನ ಊರಿನ ನೀರು ನೋಡಿ ಲೆಕ್ಕ ಹಾಕು.

ಈ ಅಮೋನಿಯಾವನ್ನು ತೆಗೆಯುವವರು ಯಾರು? ಸ್ಪಂಜಿನ ಮೇಲೆ, ಕಲ್ಲಿನ ಮೇಲೆ ಮನೆ ಮಾಡಿಕೊಳ್ಳುವ ಬ್ಯಾಕ್ಟೀರಿಯಾಗಳು. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ಕೆಟ್ಟದ್ದೇ, ಮೀನಿನ ರಕ್ತ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಬಗೆಯವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಅಷ್ಟು ಬೇಗ ಹಾನಿ ಮಾಡುವುದಿಲ್ಲ, ಗಿಡಕ್ಕೆ ಅದೇ ಗೊಬ್ಬರ. ನಿಮ್ಮ ಹೊಲಕ್ಕೆ ಯೂರಿಯಾ ಹಾಕಿದಾಗಲೂ ಮಣ್ಣಿನೊಳಗೆ ನಡೆಯುವುದು ಇದೇ. ಯೂರಿಯಾ ಒಡೆದು ಅಮೋನಿಯಾ, ಅಮೋನಿಯಾದಿಂದ ನೈಟ್ರೈಟ್, ಅದರಿಂದ ಬೆಳೆ ಹೀರುವ ನೈಟ್ರೇಟ್. ಬೈಲಹೊಂಗಲದ ಹತ್ತಿ ಹೊಲವನ್ನು ನಡೆಸುವ ಜೀವಿಗಳ ಬಳಗವೇ ನಿನ್ನ ತೊಟ್ಟಿಯನ್ನೂ ನಡೆಸುತ್ತದೆ.

ಇದು ತಿಳಿದ ಬಗೆ ನಿನ್ನಂಥ ಮಾಡಿ ನೋಡುವ ಮಕ್ಕಳಿಗೆ ಗೊತ್ತಿರಬೇಕು. 1877ರಲ್ಲಿ ಫ್ರಾನ್ಸಿನಲ್ಲಿ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ಉದ್ದ ಗಾಜಿನ ನಳಿಗೆಯಲ್ಲಿ ಉಸುಕು ಮತ್ತು ಸುಣ್ಣದ ಕಲ್ಲಿನ ಪುಡಿ ತುಂಬಿ, ಮೇಲಿಂದ ಚರಂಡಿಯ ನೀರನ್ನು ನಿಧಾನವಾಗಿ ಇಳಿಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ. ಮೇಲಿಂದ ಬಿಟ್ಟ ಅಮೋನಿಯಾ ಕೆಳಗೆ ಹಾಗೇ ಬಂತು. ಆಮೇಲೆ ಅದು ನೈಟ್ರೇಟ್ ಆಗಿ ಇಳಿಯತೊಡಗಿತು. ಆಗ ಅವರು ನಳಿಗೆಯೊಳಗೆ ಕ್ಲೋರೋಫಾರ್ಮಿನ ಆವಿ ಹಾಯಿಸಿದರು. ಕೆಲಸ ನಿಂತುಹೋಯಿತು. ಉಸುಕು ಅದೇ, ಸುಣ್ಣ ಅದೇ, ನೀರು ಅದೇ. ನಿಂತದ್ದು ಜೀವಿಗಳ ಕೆಲಸ ಮಾತ್ರ. ತೋಟದ ಮಣ್ಣು ಕದಡಿದ ನೀರನ್ನು ಸ್ವಲ್ಪ ಹಾಕಿದ ಮೇಲೆ ಅದು ಮತ್ತೆ ಶುರುವಾಯಿತು. ಆ ಜೀವಿಗಳನ್ನು ಬೇರ್ಪಡಿಸಿ ತೋರಿಸಿದವರು ವಿನೊಗ್ರಾಡ್‌ಸ್ಕಿ, 1890ರಲ್ಲಿ. ಇಪ್ಪತ್ತು ದಿನ ಕಾಯದೆ ನಳಿಗೆ ಎಸೆದಿದ್ದರೆ ಆ ಇಬ್ಬರಿಗೂ ಏನೂ ಸಿಗುತ್ತಿರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಫಿಲ್ಟರಿಗೆ ಕೈ ಹಾಕು.

ಈಗ ಸಾಮಾನು. ಅಗಲ ಬಾಯಿಯ ಒಂದು ಪ್ಲಾಸ್ಟಿಕ್ ಬರಣಿ, ಒಂದು ಲೀಟರ್ ಹಿಡಿಯುವಂಥದ್ದು. ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು. ಎರಡು ಬೊಗಸೆ ಹರಳು. ಒಡೆದ ಮಡಕೆಯ ಬೋಕಿ ಎರಡು ಮೂರು ಹಿಡಿ. ಎರಡು ಬೆರಳು ದಪ್ಪದ ಸ್ಪಂಜು. ಗಾಳಿಯ ಕೊಳವೆ, ಸಣ್ಣ ಗಾಳಿ ಪಂಪ್. ಬರಣಿ ಆರಿಸುವಾಗ ಒಂದು ಮಾತನ್ನು ಕಲ್ಲಿನಲ್ಲಿ ಕೊರೆದಂತೆ ಇಟ್ಟುಕೋ: ಹತ್ತಿಗೆ, ತೊಗರಿಗೆ ಹೊಡೆಯುವ ಎಣ್ಣಿಯ ಡಬ್ಬಿಯನ್ನು ಎಷ್ಟು ತೊಳೆದಿದ್ದರೂ ಮುಟ್ಟಬೇಡ. ಆ ಔಷಧದ ಕಣ್ಣಿಗೆ ಕಾಣದಷ್ಟು ಅಂಶವೂ ಮೀನಿಗೆ ಸಾವು, ನಿನಗೂ ಕೇಡು. ಉಪ್ಪಿನಕಾಯಿಯದೋ ಬಿಸ್ಕೀಟಿನದೋ, ತಿನ್ನುವ ಪದಾರ್ಥ ಇಟ್ಟಿದ್ದ ಬರಣಿಯೇ ಆಗಬೇಕು. ತೊಳೆಯಲು ಸಾಬೂನು ಬೇಡ. ಬಿಸಿನೀರು, ಉಪ್ಪು ಸಾಕು.

ಹರಳು ಹೆಕ್ಕುವಾಗ ನಿನ್ನ ಕಾಲ ಕೆಳಗಿನ ನೆಲ ಯಾವುದೆಂದು ನೋಡು. ನಮ್ಮ ಸೀಮೆಯ ಕಲ್ಲು ಎಲ್ಲ ಕಡೆ ಒಂದೇ ಅಲ್ಲ. ಬೈಲಹೊಂಗಲದ ಎರೆಮಣ್ಣಿನ ಕೆಳಗೆ ಬಹಳ ಕಡೆ ಇರುವುದು ಕರಿಕಲ್ಲು. ಅದರ ಸಣ್ಣ ಖಡಿಯನ್ನು ಧೂಳು ಹೋಗುವಂತೆ ತೊಳೆದರೆ ತೊಟ್ಟಿಗೆ ಏನೂ ತೊಂದರೆಯಿಲ್ಲ. ಸವದತ್ತಿಯ ಗುಡ್ಡದ್ದು ಗಟ್ಟಿಯಾದ ಬೆಣಚು ಜಾತಿಯ ಕಲ್ಲು. ಕಲಾದಗಿ ಶಿಲಾಸಮೂಹದ ಒಂದು ಪದರಕ್ಕೆ ಭೂವಿಜ್ಞಾನಿಗಳು ಸವದತ್ತಿಯ ಹೆಸರನ್ನೇ ಇಟ್ಟಿದ್ದಾರೆ. ಅದರ ಹರಳು ನೀರಿಗೆ ಏನನ್ನೂ ಬಿಡುವುದಿಲ್ಲ; ತೊಟ್ಟಿಗೆ ಅದಕ್ಕಿಂತ ಒಳ್ಳೆಯದಿಲ್ಲ. ರಾಮದುರ್ಗದಿಂದ ಲೋಕಾಪುರ, ಯಾದವಾಡದ ಕಡೆ ಹೋದರೆ ಸುಣ್ಣದ ಕಲ್ಲು ಸಿಗುತ್ತದೆ. ಆ ಭಾಗದಲ್ಲಿ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದು ಅದಕ್ಕೇ. ಆ ಕಲ್ಲು ನೀರಿನಲ್ಲಿ ಮೆಲ್ಲಗೆ ಕರಗಿ, ಮೊದಲೇ ಗಡಸಾದ ನೀರನ್ನು ಇನ್ನೂ ಗಡಸು ಮಾಡುತ್ತದೆ. ಗುರುತು ಹಿಡಿಯುವುದು ಸುಲಭ. ಒಣ ಹರಳಿನ ಮೇಲೆ ಲಿಂಬಿಹಣ್ಣಿನ ರಸ ನಾಲ್ಕು ಹನಿ ಹಿಂಡು. ಸಣ್ಣ ಗುಳ್ಳೆ ಎದ್ದರೆ ಅದು ಸುಣ್ಣದ್ದು, ಬಿಟ್ಟುಬಿಡು. ಗುಳ್ಳೆ ಏಳದಿದ್ದರೆ ತೊಳೆದು ಇಟ್ಟುಕೋ.

ಬೋಕಿ ಯಾಕೆ ಎಂದು ಕೇಳುತ್ತೀ. ಸುಟ್ಟ ಮಣ್ಣಿನ ತುಂಬ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳು. ಮಡಕೆಯ ನೀರು ತಂಪಾಗುವುದು ಆ ರಂಧ್ರಗಳಿಂದ ನೀರು ಹೊರಗೆ ಜಿನುಗಿ ಆರುವುದರಿಂದ. ಅವೇ ರಂಧ್ರಗಳು, ಒರಟು ಮೈ, ಬ್ಯಾಕ್ಟೀರಿಯಾಗಳಿಗೆ ನೆಲೆ. ಅಂಗಡಿಯಲ್ಲಿ ಸೆರಾಮಿಕ್ ಉಂಗುರ ಎಂದು ಮಾರುವುದೂ ಸುಟ್ಟ ಮಣ್ಣೇ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕು ಕುಂಬಾರಿಕೆಗೆ ಹೆಸರಾದದ್ದು. ಅಂಥ ಮಣ್ಣಿನ ಒಡೆದ ಗಡಿಗೆಯೊಂದು ನಿಮ್ಮ ಹಿತ್ತಲಲ್ಲಿ ಬಿದ್ದಿದ್ದರೆ ಅದೇ ನಿನ್ನ ಆಸ್ತಿ. ಬಣ್ಣ ಬಳಿದದ್ದು, ಎಣ್ಣೆ ಹೀರಿದ್ದು, ಹೊಳಪು ಲೇಪಿಸಿದ್ದು ಬೇಡ. ಹಳೆ ಮನೆಯ ಹಂಚಿನ ಚೂರಾದರೂ ನಡೆಯುತ್ತದೆ. ಕಡಲೆಕಾಳಿನಿಂದ ಅಡಿಕೆಯ ಗಾತ್ರದವರೆಗೆ ಒಡೆದು, ತೊಳೆದು, ಒಮ್ಮೆ ನೀರಿನಲ್ಲಿ ಕುದಿಸಿ ಇಟ್ಟುಕೋ.

ಹತ್ತಿಯ ಸೀಮೆಯವರಿಗೆ ಇನ್ನೊಂದು ಎಚ್ಚರಿಕೆ. ಫಿಲ್ಟರಿಗೆ ‘ಹತ್ತಿ ಹಾಕು’ ಎಂದು ಯಾರಾದರೂ ಹೇಳಿದರೆ ಮನೆಯ ಅರಳೆ ತಂದು ತುಂಬಬೇಡ. ಅದು ಗಿಡದ ನಾರು. ನೀರಿನಲ್ಲಿ ಕೆಲವೇ ದಿನಗಳಲ್ಲಿ ಮುದ್ದೆಯಾಗಿ, ಆಮೇಲೆ ಕೊಳೆತು ನೀರನ್ನು ಕೆಡಿಸುತ್ತದೆ. ಅಕ್ವೇರಿಯಂ ಅಂಗಡಿಯವರು ಹತ್ತಿ ಎನ್ನುವುದು ಪಾಲಿಯೆಸ್ಟರ್ ನಾರಿಗೆ, ದಿಂಬಿಗೆ ತುಂಬುತ್ತಾರಲ್ಲ ಅದಕ್ಕೆ. ಸ್ಪಂಜು ಸಿಕ್ಕರೆ ಅದೂ ಬೇಡ. ಗಾದಿ, ಸೋಫಾ ಮಾಡುವವರ ಹತ್ತಿರ ಉಳಿದ ತುಂಡು ಕೇಳಿ ತಾ. ಪಾತ್ರೆ ತಿಕ್ಕುವ, ಸಾಬೂನು ಕಂಡ ಸ್ಪಂಜು ಬೇಡ. ಇದ್ದಿಲನ್ನೂ ಹಾಕಬೇಕೆಂದಿಲ್ಲ. ಸಂಸ್ಕರಿಸಿದ ಇದ್ದಿಲು ಬಣ್ಣ, ವಾಸನೆ, ಔಷಧದ ಅಂಶವನ್ನು ಹೀರುತ್ತದೆ ನಿಜ, ಅಮೋನಿಯಾವನ್ನು ಹೀರುವುದಿಲ್ಲ. ಕೆಲವು ವಾರಗಳಲ್ಲಿ ಅದರ ಶಕ್ತಿಯೂ ಮುಗಿಯುತ್ತದೆ.

ಜೋಡಿಸುವ ಕ್ರಮ ಹೀಗೆ. ಪೈಪನ್ನು ಬರಣಿಯ ತಳದಿಂದ ಹೊರಟು ತೊಟ್ಟಿಯ ನೀರಿನ ಮಟ್ಟಕ್ಕಿಂತ ಎರಡು ಬೆರಳು ಕೆಳಗೆ ನಿಲ್ಲುವಷ್ಟು ಉದ್ದಕ್ಕೆ ಕತ್ತರಿಸು. ಅದರ ಕೆಳತುದಿಯ ಒಂದು ಇಂಚಿನಷ್ಟು ಭಾಗಕ್ಕೆ ಮಾತ್ರ ಸುತ್ತಲೂ ಬೆಂಡೆ ಬೀಜದ ಗಾತ್ರದ ತೂತು ಹಾಕು. ಕೈ ಡ್ರಿಲ್ಲು ಒಳ್ಳೆಯದು. ಪಿವಿಸಿಯನ್ನು ಕಾದ ಮೊಳೆಯಿಂದ ಚುಚ್ಚಿದರೆ ಕೆಟ್ಟ ಹೊಗೆ ಬರುತ್ತದೆ, ಕೋಣೆಯೊಳಗೆ ಆ ಕೆಲಸ ಮಾಡಬೇಡ. ಪೈಪನ್ನು ಬರಣಿಯ ನಡುವೆ ನಿಲ್ಲಿಸಿ, ಸುತ್ತ ಎರಡು ಬೆರಳು ಎತ್ತರಕ್ಕೆ ಹರಳು ಹಾಕು. ಬರಣಿ ತೇಲದಂತೆ ಹಿಡಿಯುವ ಭಾರ ಅದೇ. ಅದರ ಮೇಲೆ ಬೋಕಿ ತುಂಬು, ಒತ್ತಬೇಡ. ಬರಣಿಯ ಬಾಯಿಯ ಅಳತೆಗೆ ಸ್ಪಂಜನ್ನು ಬಿಲ್ಲೆಯಾಗಿ ಕತ್ತರಿಸಿ, ನಡುವೆ ಪೈಪ್ ತೂರುವಷ್ಟು ತೂತು ಮಾಡಿ, ಮೇಲೆ ಬಿಗಿಯಾಗಿ ಕೂರಿಸು. ಬರಣಿಯ ಮೈಗೆ ಎಲ್ಲಿಯೂ ತೂತು ಬೇಡ. ಕೊನೆಗೆ ಗಾಳಿಯ ಕೊಳವೆಯನ್ನು ಪೈಪಿನ ಒಳಗಿನಿಂದ ತಳದವರೆಗೆ ಇಳಿಸಿ, ಬರಣಿಯನ್ನು ತೊಟ್ಟಿಯ ತಳದಲ್ಲಿ ಕೂರಿಸು.

ಪಂಪ್ ಚಾಲೂ ಮಾಡಿದರೆ ಗಾಳಿಯ ಗುಳ್ಳೆಗಳು ಪೈಪಿನೊಳಗೆ ಮೇಲೇರುತ್ತವೆ. ಗಾಳಿ ಬೆರೆತ ನೀರು ಹೊರಗಿನ ನೀರಿಗಿಂತ ಹಗುರ. ಹೊರಗಿನ ಭಾರದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಬೋರ್ ಕೊರೆದ ಮೇಲೆ ಕಂಪ್ರೆಸರಿನ ಗಾಳಿ ಬಿಟ್ಟಾಗ ನೀರು ಚಿಮ್ಮುವುದನ್ನು ನೋಡಿದ್ದೀಯಲ್ಲ, ಅಲ್ಲಿಯೂ ನೀರನ್ನು ಎತ್ತುವುದು ಗಾಳಿಯೇ. ಇಲ್ಲಿ ತೊಟ್ಟಿಯ ನೀರು ಸ್ಪಂಜಿನಿಂದ ಕೆಳಗಿಳಿದು, ಬೋಕಿಯ ಸಂದುಗಳಲ್ಲಿ ಹಾದು, ಹರಳಿನ ನಡುವಿನ ತೂತುಗಳಿಂದ ಪೈಪಿಗೆ ಸೇರಿ ಮೇಲೆ ಬರುತ್ತದೆ. ಹಿಕ್ಕೆ, ಕಸ ಸ್ಪಂಜಿನಲ್ಲಿ ಉಳಿಯುತ್ತದೆ. ಅಮೋನಿಯಾದ ಕೆಲಸ ಬೋಕಿಯಲ್ಲಿ ನಡೆಯುತ್ತದೆ. ಎರಡನ್ನೂ ಬೇರೆ ಬೇರೆ ಇಟ್ಟದ್ದಕ್ಕೆ ಕಾರಣವಿದೆ, ತೊಳೆಯುವ ಮಾತು ಬಂದಾಗ ಹೇಳುತ್ತೇನೆ.

ವಿದ್ಯುತ್ತಿನ ವಿಷಯದಲ್ಲಿ ಸಲಿಗೆ ಬೇಡ. ಪಂಪನ್ನು ತೊಟ್ಟಿಯ ನೀರಿನ ಮಟ್ಟಕ್ಕಿಂತ ಮೇಲೆ, ಗೋಡೆಯ ಮೊಳೆಗೆ ತೂಗುಹಾಕು. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯುತ್ತದೆ. ವೈರು ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಇಳಿದು ಮೇಲೇರುವಂತೆ ಬಿಡು. ವೈರಿನ ಮೇಲೆ ಹರಿದ ಹನಿ ಅಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ನೀರಿಗೆ ಕೈ ಹಾಕುವ ಮುನ್ನ ಸ್ವಿಚ್ ಆರಿಸು. ಪಂಪ್ ಇರುವ ಕೋಣೆಯಲ್ಲಿ ಸೊಳ್ಳೆಯ ಸ್ಪ್ರೇ ಹೊಡೆಯಬೇಡ, ಆ ಗಾಳಿಯನ್ನೇ ಅದು ನೀರಿಗೆ ತುಂಬುತ್ತದೆ. ರಾತ್ರಿ ಪಂಪ್ ಆರಿಸು ಎಂದು ಮನೆಯ ಹಿರಿಯರು ಹೇಳಿದರೆ ಲೆಕ್ಕ ತೋರಿಸು: ಮೂರು ವ್ಯಾಟಿನ ಪಂಪ್ ತಿಂಗಳಿಡೀ ನಡೆದರೂ ಎರಡು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಒಳಗಿನ ಜೀವಿಗಳಿಗೆ ಹಗಲಿನಷ್ಟೇ ರಾತ್ರಿಯೂ ಗಾಳಿ ಬೇಕು.

ಇಷ್ಟಾದ ಮೇಲೆ ನಿನ್ನ ಕೈ ಕೆಲಸ ಮುಗಿಯಿತು, ಫಿಲ್ಟರ್ ಮಾತ್ರ ಇನ್ನೂ ಸಿದ್ಧವಾಗಿಲ್ಲ. ನೀರು ತುಂಬಿ ಪಂಪ್ ನಡೆಸು, ಮೀನು ಬಿಡಬೇಡ. ನಳದ ನೀರಾದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅದು ಕ್ರಿಮಿಗಳನ್ನು ಕೊಲ್ಲಲೆಂದೇ ಹಾಕಿದ್ದು, ನಿನ್ನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಬಕೇಟಿನಲ್ಲಿ ಒಂದು ಹಗಲು, ಒಂದು ರಾತ್ರಿ ತೆರೆದಿಟ್ಟು ಆಮೇಲೆ ತೊಟ್ಟಿಗೆ ಹಾಕು. ತಾಮ್ರದ ಹಂಡೆ, ಹಿತ್ತಾಳೆಯ ಕೊಡದಲ್ಲಿ ಇಡಬೇಡ. ನಮಗೆ ಒಳ್ಳೆಯದೆನ್ನುವ ತಾಮ್ರ ಮೀನಿಗೆ ವಿಷ. ಮಳೆಗಾಲದ ಕೆಂಪು ನೀರನ್ನು ತಿಳಿ ಮಾಡಲು ತೊಟ್ಟಿಗೆ ಪಟಕ ಹಾಕುವುದೂ ಬೇಡ.

ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕು. ಅದು ಕೊಳೆತು ಅಮೋನಿಯಾ ಆಗುತ್ತದೆ, ಅದನ್ನು ಉಣ್ಣುವ ಜೀವಿಗಳು ಬೆಳೆಯತೊಡಗುತ್ತವೆ. ಇವು ಬೇಗ ಬೆಳೆಯುವ ಜಾತಿಯಲ್ಲ. ಹಾಲನ್ನು ಹುಳಿ ಮಾಡುವ ಜೀವಿಗಳು ಒಂದು ರಾತ್ರಿಯಲ್ಲಿ ಮಾಡುವ ಕೆಲಸವನ್ನು ಇವುಗಳಿಂದ ನಿರೀಕ್ಷಿಸಬೇಡ. ಇವು ಒಂದಕ್ಕೆ ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಚಳಿಗಾಲದಲ್ಲಿ ಇನ್ನೂ ನಿಧಾನ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಅದರ ಹಿಂದೆ ನೈಟ್ರೈಟ್ ಏರಿ ಇಳಿಯುತ್ತದೆ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷೆಯ ಕಿಟ್ ಸಿಗುತ್ತದೆ. ಸಾಧ್ಯವಾದರೆ ಗೆಳೆಯರು ಕೂಡಿ ಒಂದನ್ನು ತರಿಸಿಕೊಳ್ಳಿ, ಶಾಲೆಯ ಪ್ರಯೋಗಕ್ಕೂ ಆಗುತ್ತದೆ. ಎರಡೂ ಸೊನ್ನೆಗೆ ಬಂದು, ಆಹಾರ ಹಾಕಿದ ಮರುದಿನವೂ ಸೊನ್ನೆಯಲ್ಲೇ ಉಳಿದರೆ ನೀರು ಪಳಗಿತು ಎಂದು ತಿಳಿ. ಈ ನಡುವೆ ನೀರು ಕೆಲವು ದಿನ ಹಾಲಿನಂತೆ ಮಬ್ಬಾಗಬಹುದು. ಹೆದರಿ ಎಲ್ಲ ಚೆಲ್ಲಬೇಡ, ತಾನಾಗಿ ತಿಳಿಯಾಗುತ್ತದೆ.

ಮೀನು ಬಂದ ಮೇಲೆ ಬಹಳ ಮಕ್ಕಳು ತಪ್ಪುವುದು ಶುಚಿಯ ವಿಷಯದಲ್ಲಿ. ಭಾನುವಾರ ಬಂತೆಂದರೆ ತೊಟ್ಟಿಯ ನೀರೆಲ್ಲ ಚೆಲ್ಲಿ, ಹರಳು ಬೋಕಿ ಎಲ್ಲವನ್ನೂ ನಳದ ಕೆಳಗೆ ತಿಕ್ಕಿ ತೊಳೆದು ಹೊಸ ನೀರು ತುಂಬುತ್ತಾರೆ. ವಾರಗಟ್ಟಲೆ ಬೆಳೆದ ಬಳಗ ಆ ಒಂದು ತಾಸಿನಲ್ಲಿ ಹೋಗುತ್ತದೆ. ಮೀನು ಮತ್ತೆ ಹಸಿ ನೀರಿಗೆ ಬಿದ್ದಂತೆ. ನೀನು ಹಾಗೆ ಮಾಡಬೇಡ. ವಾರಕ್ಕೊಮ್ಮೆ ತೊಟ್ಟಿಯ ಕಾಲು ಭಾಗದಷ್ಟು ನೀರನ್ನು ಬಕೇಟಿಗೆ ತೆಗೆ. ಸ್ಪಂಜನ್ನು ಬಿಡಿಸಿ ಆ ತೆಗೆದ ನೀರಿನಲ್ಲೇ ಎರಡು ಮೂರು ಸಲ ಹಿಂಡಿ ವಾಪಸ್ಸು ಕೂರಿಸು. ಬೋಕಿಯನ್ನು ಮುಟ್ಟಬೇಡ. ಬಹಳ ದಿನಕ್ಕೊಮ್ಮೆ ಸಂದು ಕಟ್ಟಿದ್ದು ಕಂಡರೆ ಅರ್ಧ ಬೋಕಿಯನ್ನು ಮಾತ್ರ ತೊಟ್ಟಿಯ ನೀರಿನಲ್ಲಿ ಅಲುಗಿಸಿ ಹಾಕು. ಸ್ಪಂಜನ್ನೂ ಬೋಕಿಯನ್ನೂ ಬೇರೆ ಇಟ್ಟದ್ದು ಇದಕ್ಕಾಗಿ. ಕಂದು ಬಣ್ಣ ಹಿಡಿದ ಬೋಕಿ ಕೊಳಕಲ್ಲ, ಬದುಕಿರುವ ಬೋಕಿ ಅದು.

ತೆಗೆದ ನೀರನ್ನು ಚರಂಡಿಗೆ ಚೆಲ್ಲಬೇಡ. ಅದರಲ್ಲಿ ನೈಟ್ರೇಟ್ ಇದೆ. ಮಲ್ಲಿಗೆ, ಮೆಣಸಿನ ಗಿಡ, ಕರಿಬೇವಿನ ಬುಡಕ್ಕೆ ಹಾಕು. ತೊಟ್ಟಿಗೆ ಉಪ್ಪು ಹಾಕಿದ್ದ ವಾರ ಮಾತ್ರ ಗಿಡಕ್ಕೆ ಬೇಡ. ಉಪ್ಪಿನ ಮಾತೂ ಕೇಳು. ನೈಟ್ರೈಟ್ ಏರಿ ಮೀನು ಏದುಸಿರು ಬಿಡುತ್ತಿದ್ದರೆ ನೀರು ಬದಲಿಸಿ, ಹತ್ತು ಲೀಟರಿಗೆ ಒಂದು ಚಹಾ ಚಮಚದ ಲೆಕ್ಕದಲ್ಲಿ ಅಡುಗೆಯ ಉಪ್ಪನ್ನು ನೀರಿನಲ್ಲಿ ಕರಗಿಸಿ ಮೆಲ್ಲಗೆ ಸೇರಿಸು. ಉಪ್ಪಿನ ಕ್ಲೋರೈಡ್ ನೈಟ್ರೈಟನ್ನು ಕಿವಿರಿನೊಳಗೆ ಹೋಗದಂತೆ ತಡೆಯುತ್ತದೆ. ಅದು ಆಪತ್ತಿಗೆ ಮದ್ದು, ದಿನದ ಊಟವಲ್ಲ.

ಬೇಸಿಗೆಯಲ್ಲಿ, ಗಾಳಿ ಮಳೆಯಲ್ಲಿ ಕರೆಂಟ್ ಹೋಗುವುದುಂಟು. ಆಗ ಮೊದಲು ಆಹಾರ ನಿಲ್ಲಿಸು. ಮೀನು ಒಂದೆರಡು ದಿನ ಉಪವಾಸಕ್ಕೆ ಸಾಯುವುದಿಲ್ಲ, ಗಾಳಿಯಿಲ್ಲದೆ ಸಾಯುತ್ತದೆ. ಲೋಟದಲ್ಲಿ ತೊಟ್ಟಿಯ ನೀರು ಮೊಗೆದು ಒಂದು ಗೇಣು ಮೇಲಿಂದ ಮತ್ತೆ ಸುರಿ, ಸ್ವಲ್ಪ ಹೊತ್ತಿಗೊಮ್ಮೆ. ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ಪಂಪ್ ನಿಂತಿದ್ದರೆ ಬರಣಿಯೊಳಗಿನ ನೀರು ಗಾಳಿಯಿಲ್ಲದೆ ಕೆಟ್ಟಿರಬಹುದು. ಬರಣಿಯನ್ನು ಹೊರತೆಗೆದು, ಆ ನೀರು ಚೆಲ್ಲಿ, ತೊಟ್ಟಿಯ ನೀರಿನಿಂದ ಒಮ್ಮೆ ಜಾಲಿಸಿ ಆಮೇಲೆ ಚಾಲೂ ಮಾಡು. ನೇರವಾಗಿ ಚಾಲೂ ಮಾಡಿದರೆ ಆ ಕೆಟ್ಟ ನೀರೆಲ್ಲ ಮೀನಿನ ಮೇಲೆ ಬೀಳುತ್ತದೆ.

ಎಷ್ಟು ಮೀನು? ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಸುಮಾರು 55 ಲೀಟರ್ ಹಿಡಿಯುತ್ತದೆ. ಅದಕ್ಕೆ ಗಪ್ಪಿಯಂಥ ಸಣ್ಣ ಮೀನು ಎಂಟು ಹತ್ತು ಸಾಕು, ಅದನ್ನೂ ಒಂದೇ ಸಲ ಬಿಡಬೇಡ. ಮೊದಲು ಮೂರು ನಾಲ್ಕು, ಎರಡು ವಾರ ಬಿಟ್ಟು ಉಳಿದವು. ಗೋಲ್ಡ್‌ಫಿಶ್ ಬಹಳ ತಿನ್ನುವ, ಬಹಳ ಬೆಳೆಯುವ ಮೀನು. ಈ ತೊಟ್ಟಿ ಅದಕ್ಕೆ ಕಿರಿದು, ಗಾಜಿನ ಬೋಗುಣಿಯಂತೂ ಸೆರೆಮನೆ. ಫೈಟರ್ ಮೀನು ಗಂಡಾದರೆ ಒಂದೇ ಇರಲಿ. ಹೊಸಬರಿಗೆ ನಾನು ಹೇಳುವುದು ಗಪ್ಪಿ. ಗಟ್ಟಿ ಜೀವ, ಗಡಸು ನೀರಿಗೆ ಒಗ್ಗುತ್ತದೆ. ಸೊಳ್ಳೆಯ ಮರಿಗಳನ್ನು ತಿನ್ನಲೆಂದು ಆರೋಗ್ಯ ಇಲಾಖೆಯವರು ಬಾವಿ, ತೊಟ್ಟಿಗಳಲ್ಲಿ ಬಿಡುವ ಮೀನೂ ಇದೇ. ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಹಳ್ಳಿಗಳ ಬಾವಿಗಳಲ್ಲಿ ಇದನ್ನು ಬಿಟ್ಟು ಮಲೇರಿಯಾ ಹರಡುವ ಸೊಳ್ಳೆಯನ್ನು ತಗ್ಗಿಸಿದ ಕೆಲಸ ಹೆಸರಾಗಿದೆ. ಗಪ್ಪಿ ಬೇಗ ಮರಿ ಹಾಕುತ್ತದೆ, ಆದ್ದರಿಂದ ಗಂಡು ಹೆಣ್ಣು ಕೂಡಿ ತರುವ ಮುನ್ನ ಮರಿಗಳನ್ನು ಎಲ್ಲಿಡುವುದೆಂದು ಯೋಚಿಸು.

ಯೋಚಿಸು ಎನ್ನುವುದು ಸುಮ್ಮನಲ್ಲ. ಮರಿ ಹೆಚ್ಚಾದವು, ಮೀನು ದೊಡ್ಡದಾಯಿತು, ಪರೀಕ್ಷೆ ಬಂತು, ಅಪ್ಪನಿಗೆ ವರ್ಗವಾಯಿತು ಎಂದು ತೊಟ್ಟಿಯನ್ನು ಹೊಳೆಗೆ ಸುರಿದು ಬರುವವರುಂಟು. ಪುಣ್ಯದ ಕೆಲಸ ಮಾಡಿದೆವೆಂದು ಅವರ ನಂಬಿಕೆ. ಮಲಪ್ರಭೆ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವನ್ನು ಹಾದು, ನವಿಲುತೀರ್ಥದಲ್ಲಿ ರೇಣುಕಾಸಾಗರವಾಗಿ ನಿಂತು, ರಾಮದುರ್ಗದ ಮಗ್ಗುಲಿಗೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ಆ ನೀರಿಗೆ ತನ್ನದೇ ಮೀನುಗಳಿವೆ. ಹೊರದೇಶದ ಮೀನು ಅಲ್ಲಿ ಸಾಯಬಹುದು. ಸಾಯದೆ ಬೆಳೆದರೆ ಇನ್ನೂ ಕಷ್ಟ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ ಇವತ್ತು ದೇಶದ ಎಷ್ಟೋ ಕೆರೆ, ಜಲಾಶಯಗಳಲ್ಲಿ ತುಂಬಿ ಊರ ಮೀನಿನ ಜಾಗ ಹಿಡಿದಿದೆ. ಗಾಜು ನೆಕ್ಕುತ್ತದೆ ಎಂದು ಅಂಗಡಿಯಲ್ಲಿ ಮಾರುವ ಪ್ಲೆಕೋ ಎಂಬ ಕಲ್ಲಿನಂಥ ಚರ್ಮದ ಮೀನು ದೇಶದ ಹಲವು ನದಿಗಳಿಗೆ ಸೇರಿ ಮೀನುಗಾರರ ಬಲೆ ಹರಿಯುತ್ತಿದೆ. ಅದು ಸಾಕಿದವರ ತೊಟ್ಟಿ, ಹೊಂಡಗಳಿಂದಲೇ ಹೋದದ್ದು. ಹಿತ್ತಲ ಹೊಂಡದಲ್ಲಿ ಬಿಟ್ಟರೆ ಹೊಳೆಗೆ ಹೋಗುವುದಿಲ್ಲ ಎನ್ನಬೇಡ. 2019ರ ಆಗಸ್ಟಿನಲ್ಲಿ ಮಲಪ್ರಭೆ ರಾಮದುರ್ಗದ, ಮುನವಳ್ಳಿಯ ಮನೆಗಳ ಒಳಗೇ ಬಂದದ್ದನ್ನು ನಿಮ್ಮ ಮನೆಯವರು ನೋಡಿದ್ದಾರೆ. ಸಾಕಲಾಗದಿದ್ದರೆ ಸಾಕುವವರಿಗೆ ಕೊಡು, ಅಂಗಡಿಗೆ ಮರಳಿಸು. ಹೊಳೆಗೆ ಮಾತ್ರ ಬೇಡ.

ಒಂದು ಗೇಣು ಬರಣಿಯೊಳಗೆ ನೀನು ಕಲಿಯುವುದು ದೊಡ್ಡ ಹೊಳೆಗೂ ಸಲ್ಲುತ್ತದೆ. ಹೊಳೆಯ ಹರಳು, ಉಸುಕು, ದಂಡೆಯ ಜೊಂಡು ಇವುಗಳ ಮೇಲೂ ಇದೇ ಜೀವಿಗಳು ಕೂತು ನಾವು ಬಿಟ್ಟ ಕಸವನ್ನು ತೀರಿಸುತ್ತಿವೆ. ಉಸುಕು ಬಾಚಿ, ಜೊಂಡು ಕಡಿದು, ತೀರಿಸಲಾಗದಷ್ಟು ಚರಂಡಿ ನೀರು ಬಿಟ್ಟರೆ ಹೊಳೆಯ ಮೀನೂ ಮೇಲೆ ಬಂದು ಬಾಯಿ ಬಿಡುತ್ತದೆ. ತೊಟ್ಟಿಯಲ್ಲಿ ಅದನ್ನು ಕಂಡ ಹುಡುಗ, ಹುಡುಗಿ ನಾಳೆ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ಕೂತಾಗ ಹೊಳೆಯ ಬಗ್ಗೆ ಬೇರೆ ರೀತಿ ಮಾತಾಡುತ್ತಾರೆ ಎಂಬುದು ನನ್ನ ನಂಬಿಕೆ.

ಕೊನೆಗೆ ಒಂದು ಮಾತು ಬೇಡುತ್ತೇನೆ. ನಿನ್ನ ಫಿಲ್ಟರ್ ನಾಲ್ಕಾರು ತಿಂಗಳು ಚೆನ್ನಾಗಿ ನಡೆದ ಮೇಲೆ ನಿಮ್ಮ ಓಣಿಯಲ್ಲಿ ಇನ್ನೊಬ್ಬರು ಹೊಸ ತೊಟ್ಟಿ ತಂದರೆ, ನಿನ್ನ ಬರಣಿಯಿಂದ ಒಂದು ಹಿಡಿ ಹಳೆ ಬೋಕಿ ತೆಗೆದು, ತೊಟ್ಟಿಯ ನೀರಿನಲ್ಲೇ ಮುಳುಗಿಸಿಕೊಂಡು ಹೋಗಿ ಅವರ ಬರಣಿಗೆ ಹಾಕು. ಅದರ ಜೊತೆ ಬ್ಯಾಕ್ಟೀರಿಯಾದ ಬಳಗವೂ ಹೋಗುತ್ತದೆ, ಅವರು ಕಾಯುವ ವಾರಗಳು ಅಷ್ಟು ಕಡಿಮೆಯಾಗುತ್ತವೆ. ನಿನ್ನ ಬರಣಿಯಲ್ಲಿ ಖಾಲಿಯಾದ ಜಾಗಕ್ಕೆ ಹೊಸ ಬೋಕಿ ಹಾಕಿಕೋ. ಉಳಿದದ್ದು ಅದನ್ನೂ ಪಳಗಿಸುತ್ತದೆ. ನಿನ್ನ ಮೀನಿಗೆ ರೋಗವಿದ್ದಾಗ ಮಾತ್ರ ಕೊಡಬೇಡ. ಬೋಕಿ ಕೊಟ್ಟು ಸುಮ್ಮನೆ ಬರಬೇಡ. ಯಾಕೆ ತೊಳೆಯಬಾರದು ಎಂಬುದನ್ನೂ ಹೇಳಿ ಬಾ.